ಹನ್ನೆರಡು ಕಂಬಕ್ಕೆ ಒಂದೇ ಗಿಳಿ

ಕೋಲಾರ ಸೀಮೆಯಲ್ಲಿ ನಾಟಕ ಶುರುವಾಗುವುದು ಪರದೆ ಎದ್ದಾಗ ಅಲ್ಲ, ಹಾರ್ಮೋನಿಯಂ ಮೇಷ್ಟ್ರು ಮೈಕ್ ಹಿಡಿದು ಹೆಸರು ಕೂಗಿದಾಗ. ಹಾರ ಕೊಟ್ಟವರು, ಟೀ ಕೊಟ್ಟವರು, ಕುರ್ಚಿಗಳನ್ನು ಕಡಿಮೆ ಬಾಡಿಗೆಗೆ ಬಿಟ್ಟವರು, ಕಳೆದ ಸಲದ ನಾಟಕದಲ್ಲಿ ಜಗಳ ಬಿಡಿಸಿದವರು, ಯಾರ ಹೆಸರನ್ನೂ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ಸಲ ಅವರು ಬರುವುದಿಲ್ಲ. ಕೂಗಿದರೆ ಕೇಳಿಸಿಕೊಂಡು, ನಾಟಕ ನೋಡದೆ ಎದ್ದುಹೋಗುತ್ತಾರೆ. ಅದು ಬೇರೆ ಮಾತು.

ಇಷ್ಟು ವರ್ಷ ಕೂಗಿದ ಸಾವಿರಾರು ಹೆಸರುಗಳಲ್ಲಿ ಮುಳಬಾಗಿಲಿನ ಏಜಾಜ್ ಸಾಹೇಬರ ಹೆಸರು ಒಮ್ಮೆಯೂ ಇರಲಿಲ್ಲ. ಅವರು ನಾಟಕದ ಪರದೆ ಬರೆಯುವವರು. ರಾಜಬೀದಿ, ಕಾಡು, ದರ್ಬಾರು, ಎಲ್ಲವೂ ಅವರ ಕುಂಚದಿಂದಲೇ ಹುಟ್ಟಿ ನಾಲ್ಕು ತಾಲ್ಲೂಕು ತಿರುಗಿದವು. ಕೂಗದಿದ್ದರೇನಂತೆ ಎಂದು ಅವರು ಪರದೆಯ ಕೆಳಗಿನ ಮೂಲೆಯಲ್ಲಿ ತಮ್ಮ ಹೆಸರನ್ನು ಸಣ್ಣಗೆ ಬರೆದುಕೊಳ್ಳುತ್ತಿದ್ದರು. ಆದರೆ ಕೆಳಗಿನ ಅಂಚು ಬಿದಿರಿನ ಗಳಕ್ಕೆ ಸುತ್ತಿಕೊಂಡಿರುವ ಜಾಗ. ಪೂರ್ತಿ ಬಿಚ್ಚಿದರೆ ಬಟ್ಟೆ ಹರಿಯುತ್ತದೆ ಎಂದು ಯಾರೂ ಪೂರ್ತಿ ಬಿಚ್ಚುತ್ತಿರಲಿಲ್ಲ. ಹೀಗಾಗಿ ಏಜಾಜ್ ಸಾಹೇಬರು ತಮ್ಮ ಹೆಸರನ್ನು ತಾವೇ ಸುತ್ತಿಟ್ಟುಕೊಂಡು ಮುದುಕರಾದರು.

ಮಗಳು ಮೆಹ್ರೀನ್‌ಗೆ ಈ ವಿಷಯದಲ್ಲಿ ಚಿಕ್ಕಂದಿನಿಂದಲೂ ಸಿಟ್ಟು. ಅಪ್ಪನಿಗೆ ಇರಬೇಕಾಗಿದ್ದ ಸಿಟ್ಟೂ ಅವಳ ಪಾಲಿಗೇ ಬಂದಿತ್ತು. ಈಗ ಬಟ್ಟೆಯ ಪರದೆ ಹೋಗಿ ಎಲ್‌ಇಡಿ ಪರದೆ ಬಂದಿದೆ. ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಬರೆದು ತೋರಿಸುತ್ತಾರೆ. ಶ್ರೀನಿವಾಸಪುರದ ಕದಿರಪ್ಪ ಮೇಷ್ಟ್ರು ತಮ್ಮ ಹೊಸ ನಾಟಕಕ್ಕೆ ಅರಮನೆ ಬರೆದುಕೊಡು ಎಂದು ಕೇಳಿದಾಗ ಅವಳು ಒಂದೇ ಷರತ್ತು ಹಾಕಿದಳು.

"ಮೈಕಲ್ಲಿ ನನ್ನ ಹೆಸರು ಕೂಗ್ಬೇಕು ಮೇಷ್ಟ್ರೇ. ಅರಮನೆ ಬರೆದವರು ಮೆಹ್ರೀನ್ ಅಂತ."

"ಅಷ್ಟೇನಾ? ಈ ಪೆಟ್ಟಿಗೆ ಮೇಲೆ ಆಣೆ ಕಣಮ್ಮ," ಎಂದು ಕದಿರಪ್ಪ ಹಾರ್ಮೋನಿಯಂ ಮೇಲೆ ಕೈಯಿಟ್ಟರು. ಆ ಪೆಟ್ಟಿಗೆಯ ಮೇಲೆ ಅವರು ಎಷ್ಟು ಜನಕ್ಕೆ ಎಷ್ಟು ಆಣೆ ಇಟ್ಟಿದ್ದರೋ, ಅದರ ಎರಡು ಸ್ವರದ ಮನೆಗಳ ಶ್ರುತಿ ಅದಕ್ಕೇ ಇಳಿದಿರಬೇಕು.

ನಾಟಕವನ್ನು ಕದಿರಪ್ಪನವರೇ ಬರೆದಿದ್ದರು. ಕಥೆಯಲ್ಲಿ ಅಣ್ಣತಮ್ಮಂದಿರಾದ ಇಬ್ಬರು ರಾಜರು, ಇಬ್ಬರಿಗೂ ಸಮನಾದ ರಾಜ್ಯ, ಸಮನಾದ ಹಾಡು. ಇದು ಕಲೆಗೆ ಬೇಕಾಗಿ ಆದದ್ದಲ್ಲ. ತಂಡದಲ್ಲಿ ರಾಜನ ಪಾರ್ಟು ಬೇಕೆಂದವರು ಇಬ್ಬರಿದ್ದರು, ಇಬ್ಬರೂ ಮಂತ್ರಿಯಾಗಲು ಒಪ್ಪಲಿಲ್ಲ. ಒಬ್ಬರು ಶ್ರೀನಿವಾಸಪುರದ ಮಾವಿನ ಮಂಡಿ ಮುನಿರಾಮಪ್ಪ. ಇನ್ನೊಬ್ಬರು ಲಕ್ಕೂರಿನ ಚಂದ್ರಮೋಹನ್, ನರಸಾಪುರದ ಕಾರ್ಖಾನೆಗಳಿಗೆ ಕಂಪನಿ ಬಸ್ಸು ಓಡಿಸುವವರು.

ಮಾವಿನ ಕಾಲ ಮುಗಿದು ಮುನಿರಾಮಪ್ಪನವರ ಮಂಡಿ ಖಾಲಿಯಿತ್ತು. ಪ್ಲಾಸ್ಟಿಕ್ ಕ್ರೇಟುಗಳನ್ನು ಮಗುಚಿ ಜೋಡಿಸಿ ಅಲ್ಲಿಯೇ ತಾಲೀಮು ನಡೆಸುತ್ತಿದ್ದರು. ಮೊದಲ ಸಲ ಬಾಡಿಗೆ ಪರದೆ ತರಿಸಿ ಹಚ್ಚಿದ ದಿನ ಮೆಹ್ರೀನ್‌ಳ ಅರಮನೆ ಮೂರನೆಯ ದೃಶ್ಯಕ್ಕೇ ನಿಂತುಹೋಯಿತು. ಸಿಂಹಾಸನ ಬಂತು. ಎಡಗಡೆಯ ಕಂಬಗಳು ಬಂದವು. ಚಾವಣಿ ಅರ್ಧ ಬಂದು, ಅದರ ಮೇಲೆ ಸಣ್ಣದೊಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

ಕಿರೀಟ ಇಟ್ಟುಕೊಂಡೇ ಮುನಿರಾಮಪ್ಪ ಹಿಂದಕ್ಕೆ ಬಾಗಿ ನೋಡಿದರು. "ಏನಮ್ಮಾಯೀ, ನನ್ನ ಅರಮನೆಗೆ ಇನ್ನೂ ಮೋಲ್ಡಿಂಗ್ ಆಗಿಲ್ವಾ?"

"ಸಿಮೆಂಟ್ ಲೋಡು ಬಂದಿಲ್ವೇನೋ ಅಣ್ಣ," ಎಂದರು ಚಂದ್ರಮೋಹನ್.

"ಇನ್ನೊಂದ್ಸಲ ಹಿಂಗೆ ನಿಂತ್ರೆ ಬೆಂಗಳೂರಿಂದ ಬೇರೆಯವರನ್ನ ಕರೆಸ್ತೀವಪ್ಪ. ನಾಟಕದ ದಿನ ನಾನು ಅರ್ಧ ಚಾವಣಿ ಕೆಳಗೆ ಆಳಕ್ಕಾಗಲ್ಲ," ಎಂದರು ಮುನಿರಾಮಪ್ಪ.

ಮೆಹ್ರೀನ್ ತಂತಿಗಳನ್ನು ಸುತ್ತತೊಡಗಿದಳು. ತಪ್ಪು ಅವಳದೇ ಆಗಿತ್ತು, ಅದೇ ಉರಿ. ಕಂಪ್ಯೂಟರು ಮುಚ್ಚಿಹೋದ ಒಂದು ಸೈಬರ್ ಸೆಂಟರಿನಿಂದ ಕೊಂಡ ಹಳೆಯದು, ಅದರ ಮೆಮೊರಿ ಕಡಿಮೆ. ಅವಳೋ ಕೋಲಾರದ ಫ್ಲೆಕ್ಸ್ ಅಂಗಡಿಯಲ್ಲಿ ಪಳಗಿದವಳು. ಫ್ಲೆಕ್ಸ್‌ನವರಿಗೆ ಇರುವುದೊಂದೇ ಧರ್ಮ, ದೊಡ್ಡದು ಬರೆ. ಬಸ್‌ಸ್ಟ್ಯಾಂಡಿನ ಎದುರು ನಿಂತವನು ನಾಯಕರ ಮೀಸೆಯ ಕೂದಲು ಎಣಿಸುವ ಹಾಗೆ ಬರೆ. ಆ ಅಭ್ಯಾಸದಲ್ಲೇ ಅವಳು ಒಂದೊಂದು ದೃಶ್ಯವನ್ನೂ ಊರಗಲ ಬರೆದು, ಎಲ್ಲವನ್ನೂ ಒಟ್ಟಿಗೇ ತೆರೆದಿಟ್ಟುಕೊಂಡಿದ್ದಳು.

ಪೆನ್‌ಡ್ರೈವ್‌ನಲ್ಲಿ ಇರುವಾಗ ಚಿತ್ರ ಮಡಿಸಿಟ್ಟ ಜಮಖಾನದ ಹಾಗೆ, ಮೂಲೆಯಲ್ಲಿ ಒರಗಿಕೊಂಡಿರುತ್ತದೆ. ಪರದೆಯ ಮೇಲೆ ತೋರಿಸಬೇಕೆಂದರೆ ಯಂತ್ರ ಅದನ್ನು ಪೂರ್ತಿ ಬಿಚ್ಚಿ ಹಾಸಲೇಬೇಕು. ಇವಳು ಒಂದು ಕೋಣೆಯ ಮನೆಯಲ್ಲಿ ಹನ್ನೆರಡು ಮದುವೆ ಜಮಖಾನ ಹಾಸಲು ಹೊರಟಿದ್ದಳು. ಅದೂ ಯಾತಕ್ಕೆ? ಎಲ್‌ಇಡಿ ಪರದೆಯಲ್ಲಿ ಎಷ್ಟು ದೀಪದ ಕಾಳುಗಳಿವೆಯೋ ಅಷ್ಟೇ ಚುಕ್ಕಿ ಕಾಣುವುದು. ಅದಕ್ಕಿಂತ ಹೆಚ್ಚು ಬರೆದರೆ ಪಾವಿಗೆ ಕೊಳಗದ ಅಕ್ಕಿ ಸುರಿದಂತೆ. ಹೆಚ್ಚಿನದು ನೆಲದ ಪಾಲು, ಹೊರುವ ಕತ್ತೆಗೆ ಮಾತ್ರ ಪೂರಾ ಭಾರ.

ಮನೆಗೆ ಬಂದು ಅವಳು ಮೊದಲು ಆ ಕೆಲಸ ಮಾಡಿದಳು. ಪ್ರತಿ ದೃಶ್ಯವನ್ನೂ ಪರದೆಯ ಅಳತೆಗೆ ಇಳಿಸಿದಳು. ಮುಗಿದ ದೃಶ್ಯವನ್ನು ಯಂತ್ರ ಮರೆತುಬಿಡಬೇಕು, ಈಗಿನದು ಮತ್ತು ಮುಂದಿನದು ಎರಡೇ ಬಿಚ್ಚಿರಬೇಕು ಎಂದು ಏರ್ಪಾಡು ಮಾಡಿದಳು. ಆಮೇಲೆ ಕಂಬಕ್ಕೆ ಕೈಹಾಕಿದಳು. ಪ್ರತಿ ದರ್ಬಾರಿನಲ್ಲೂ ಹನ್ನೆರಡು ಕಂಬ. ಅವುಗಳನ್ನೆಲ್ಲ ಅಳಿಸಿ, ಒಂದೇ ಒಂದು ಕಂಬವನ್ನು ಜೀವವಿಟ್ಟು ಬರೆದು, ಅದನ್ನೇ ಇಲ್ಲೂ ತೋರಿಸು ಅಲ್ಲೂ ತೋರಿಸು ಎಂದು ಯಂತ್ರಕ್ಕೆ ಹೇಳಿದಳು. ಬಲಗಡೆಗೆ ಅದನ್ನೇ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿದಳು. ಕಮಾನನ್ನೂ ಅರ್ಧವೇ ಬರೆದಳು. ಇನ್ನರ್ಧ ಅದೇ.

ಹಿಂದೆ ನಿಂತು ನೋಡುತ್ತಿದ್ದ ಏಜಾಜ್ ಸಾಹೇಬರಿಗೆ ಇದು ಸರಿಬರಲಿಲ್ಲ. "ಒಂದೇ ಕಂಬ ಹನ್ನೆರಡು ಸಲ? ನಕ್ಕೋ ಬೇಟಾ, ಬೇಡ. ನಾನು ಒಂದೊಂದು ಕಂಬಕ್ಕೂ ಒಂದೊಂದು ಥರ ಬಳ್ಳಿ ಬರೀತಿದ್ದೆ. ಇದು ಕೆಲಸಾನಾ?"

ಬೆಳ್ಳುಳ್ಳಿ ಸುಲಿಯುತ್ತಿದ್ದ ತಾಯಿ ಅಖ್ತರ್ ಬಾನು ತಲೆಯೆತ್ತದೆ ಕೇಳಿದರು. "ನಿಮ್ಮ ಹತ್ರ ದರ್ಬಾರ್ ಪರದೆ ಎಷ್ಟಿತ್ತು?"

"ಒಂದು."

"ಅದರ ಮುಂದೆ ಎಷ್ಟು ರಾಜರು ಆಳಿದ್ರು?"

ಏಜಾಜ್ ಸಾಹೇಬರು ಸ್ವಲ್ಪ ಹೊತ್ತು ಲೆಕ್ಕ ಹಾಕುವವರಂತೆ ಸೂರು ನೋಡಿದರು. "ಚಾ ಇದೆಯಾ?" ಎಂದರು.

ಇಷ್ಟೆಲ್ಲ ಮಾಡಿದ ಮೇಲೆ ಯಂತ್ರದಲ್ಲಿ ಜಾಗ ಉಳಿಯಿತು. ಉಳಿದ ಜಾಗದಲ್ಲಿ ಮೆಹ್ರೀನ್ ಒಂದು ಗಿಳಿ ಸಾಕಿದಳು. ಕಂಬದ ನೆತ್ತಿಯ ಹತ್ತಿರ, ಬಳ್ಳಿಯ ಮೇಲೆ ಕೂತು, ಕತ್ತು ಹೊರಳಿಸಿ ರೆಕ್ಕೆ ಕೆರೆದುಕೊಳ್ಳುವ ಗಿಳಿ. ಕೊಕ್ಕಿನ ಕೆಂಪು ಹೊಂದಲಿಲ್ಲವೆಂದು ಎರಡು ಸಲ ಅಳಿಸಿ ಬರೆದಳು. ಅದನ್ನು ಯಾರೂ ಕೇಳಿರಲಿಲ್ಲ. ಅವಳು ತನಗಾಗಿ ಬರೆದದ್ದು ಅದೊಂದೇ.

ಎರಡನೆಯ ಸಲ ಪರದೆ ಹಚ್ಚಿದಾಗ ಅರಮನೆ ನೀರು ಹರಿದ ಹಾಗೆ ಬಂತು. ದೃಶ್ಯದ ಹಿಂದೆ ದೃಶ್ಯ, ಎಲ್ಲೂ ಚಕ್ರ ತಿರುಗಲಿಲ್ಲ. ಮುನಿರಾಮಪ್ಪ "ಬಾಗುಂದಮ್ಮಾ, ಬಾಗುಂದಿ," ಎಂದು ತೆಲುಗಿನಲ್ಲಿ ಹೊಗಳಿದರು. ಅವರಿಗೆ ನಿಜವಾಗಿ ಸಂತೋಷವಾದಾಗ ಮಾತ್ರ ಆ ಭಾಷೆ ಬರುತ್ತಿತ್ತು. ಕದಿರಪ್ಪ ಮೇಷ್ಟ್ರು ಹಾರ್ಮೋನಿಯಂ ಮೇಲೆ ಸಣ್ಣ ಮಂಗಳ ನುಡಿಸಿದರು. ಮೆಹ್ರೀನ್ ಆಗ ಮನೆಗೆ ಹೋಗಿಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಚಂದ್ರಮೋಹನ್ ಎಲ್ಲಿಗೆ ಹೋದರೂ ಹಿಂದೆ ಆಂಜಿ ಇರುತ್ತಿದ್ದ. ನಲವತ್ತು ದಾಟಿದ ಮನುಷ್ಯ. ಒಡೆಯರ ಮೊಬೈಲ್ ಹಿಡಿದುಕೊಂಡು ಒಡೆಯರದೇ ವಿಡಿಯೊ ತೆಗೆಯುವುದು ಅವನ ಉದ್ಯೋಗ. ಆವತ್ತು ತೆಗೆದ ವಿಡಿಯೊವನ್ನು ಅವನು ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತ ಕುಳಿತಿದ್ದ.

"ಅಣ್ಣೋ, ಇಲ್ನೋಡಣ್ಣ. ಎಲ್ಲಾ ಗಿಳೀನೂ ರೆಕ್ಕೆ ಕೆರ್ಕೊಳ್ತಾವೆ."

"ಕೆರ್ಕೊಳ್ಲಿ ಬಿಡೋ, ನಿಂಗೇನು ಕಷ್ಟ?"

"ಅಲ್ಲಣ್ಣ, ಒಂದೇ ಥರ ಕೆರ್ಕೊಳ್ತಾವೆ. ಒಂದಕ್ಕೂ ಬೇರೆ ಬುದ್ಧಿ ಇಲ್ಲ. ಮುನಿರಾಮಪ್ಪಣ್ಣನ ಅರಮನೇಲೂ ಇದೇ ಗಿಳಿ, ನಮ್ಮ ಅರಮನೇಲೂ ಇದೇ ಗಿಳಿ. ಕಂಬಾನೂ ಅದೇ. ನೋಡು, ಅದೇ ಬಳ್ಳಿ, ಅದೇ ಎಲೆ."

ಚಂದ್ರಮೋಹನ್ ನೋಡಿದರು. ಮುನಿರಾಮಪ್ಪ ಕನ್ನಡಕ ತರಿಸಿಕೊಂಡು ನೋಡಿದರು. ಮೂರು ತಿಂಗಳ ತಾಲೀಮಿನಲ್ಲಿ ಯಾವುದಕ್ಕೂ ಒಮ್ಮತಕ್ಕೆ ಬಾರದ ಇಬ್ಬರು ರಾಜರು ಅಂದು ಮೊದಲ ಬಾರಿಗೆ ಒಂದಾದರು.

"ಏನಮ್ಮಾಯೀ, ಹನ್ನೆರಡು ಕಂಬ ಅಂದೆ. ಬರೆದಿರೋದು ಒಂದೇನಾ?"

"ಹೌದಣ್ಣ, ಒಂದೇ," ಎಂದಳು ಮೆಹ್ರೀನ್. ಹೊಗಳಿಕೆ ಮುಂದುವರಿಯುತ್ತಿದೆ ಎಂದುಕೊಂಡಿದ್ದಳು. "ಅದಕ್ಕೇ ಈ ಸಲ ನಿಲ್ಲಲಿಲ್ಲ. ಒಂದ್ಸಲ ಬರೆದಿಟ್ಕೊಂಡು ಎಲ್ಲಾ ಕಡೆ ತೋರಿಸಿದ್ರೆ ಕಂಪ್ಯೂಟರಿಗೆ ಒಂದೇ ಕಂಬದ ಭಾರ."

"ಅಂದ್ರೆ ಹನ್ನೊಂದು ಕಂಬ ಇಲ್ಲವೇ ಇಲ್ಲ!"

"ಕಾಣ್ತಾವಲ್ಲ ಅಣ್ಣ?"

"ಕಾಣೋದು ಬೇರೆ, ಇರೋದು ಬೇರೆ. ಕ್ರೇಟಲ್ಲಿ ಮೇಲೆ ನಾಲ್ಕು ಬಾದಾಮಿ ಹಣ್ಣಿಟ್ಟು ಕೆಳಗೆ ಹುಲ್ಲು ತುಂಬಿದ್ರೆ ಅದಕ್ಕೇನಂತಾರೆ ಹೇಳು?"

"ಅದಕ್ಕೇನಂತಾರೋ ಮಂಡಿ ನಡೆಸೋರಿಗೇ ಗೊತ್ತಣ್ಣ."

ಯಾರೋ ಕಿಸಕ್ಕೆಂದು ನಕ್ಕು, ಮುನಿರಾಮಪ್ಪನವರ ಮುಖ ನೋಡಿ, ನಗುವನ್ನು ಕೆಮ್ಮು ಮಾಡಿಕೊಂಡರು. ಈಗ ಚಂದ್ರಮೋಹನ್ ಮುಂದೆ ಬಂದರು. ಅವರ ಸಂಕಟ ಬೇರೆ ಥರದ್ದು.

"ಒಂದೇ ಅನ್ನೋದಾದ್ರೆ ಅದು ಮೊದಲು ಯಾರಿಗೆ ಬರೆದಿದ್ದು? ಅವ್ರ ದರ್ಬಾರು ಮೊದಲು ಬರುತ್ತೆ, ನಂದು ಆಮೇಲೆ. ಅಂದ್ರೆ ಅವರು ಬಳಸಿ ಬಿಟ್ಟ ಕಂಬ ನನಗೆ. ಸೆಕೆಂಡ್ ಹ್ಯಾಂಡ್ ಕಂಬದ ಮಧ್ಯೆ ನಾನು ರಾಜ ಆಗ್ಬೇಕೇನಮ್ಮ? ನನಗೆ ಬೇರೆ ಬರಿ."

ಮೆಹ್ರೀನ್‌ಳ ಕಿವಿ ಬಿಸಿಯಾಯಿತು. ಬುದ್ಧಿ ಖರ್ಚು ಮಾಡಿ ಭಾರ ಇಳಿಸಿದವಳನ್ನು ಇವರು ಅಳತೆಯಲ್ಲಿ ಮೋಸ ಮಾಡಿದವಳ ಹಾಗೆ ನಿಲ್ಲಿಸಿಕೊಂಡು ಕೇಳುತ್ತಿದ್ದಾರೆ! ಕತ್ತೆಯ ಹಾಗೆ ಹನ್ನೆರಡು ಸಲ ಬರೆದು ಯಂತ್ರವನ್ನು ಕೆಡವಿದಾಗ ಬೈದರು. ಸರಿ, ಅದು ಬೈಗುಳಕ್ಕೆ ತಕ್ಕದ್ದೇ. ಈಗ ಯಂತ್ರ ಓಡಿದ್ದಕ್ಕೂ ಬೈಗುಳವೇ?

"ಚಂದ್ರಣ್ಣ, ನಿಮ್ಮ ಬಸ್ಸು ಬೆಳಗ್ಗೆ ಒಂದು ಕಂಪನಿ ಬೋರ್ಡು ಹಾಕ್ಕೊಂಡು ನರಸಾಪುರಕ್ಕೆ ಹೋಗುತ್ತೆ. ಮಧ್ಯಾಹ್ನ ಬೋರ್ಡು ತೆಗೆದು ಇನ್ನೊಂದು ಕಂಪನೀದು ಹಾಕ್ತೀರ. ಬಸ್ಸು ಒಂದೇ ತಾನೆ? ಎರಡನೇ ಶಿಫ್ಟಿನವರು ಯಾವತ್ತಾದ್ರೂ ಸೆಕೆಂಡ್ ಹ್ಯಾಂಡ್ ಸೀಟು ಅಂತ ಎದ್ದು ನಿಂತಿದ್ದಾರಾ?"

"ಏಯ್, ಅದು ಬಿಸಿನೆಸ್ಸು."

"ಇದು?"

"ಇದು ಮರ್ಯಾದೆ."

ಪರದೆಯ ಅಳತೆಗೆ ಇಳಿಸಿ ಆದ ಮೇಲೆ, ಚಂದ್ರಮೋಹನ್‌ಗೆ ಬೇರೆ ಕಂಬ ಬರೆದಿದ್ದರೂ ಯಂತ್ರ ಹೊತ್ತುಕೊಳ್ಳುತ್ತಿತ್ತೇನೋ. ಹೊರದೆಯೂ ಇರಬಹುದಿತ್ತು. ಮೆಹ್ರೀನ್‌ಗೆ ಅದು ಖಚಿತವಿರಲಿಲ್ಲ, ಇದ್ದಿದ್ದರೂ ಹೇಳುವ ಮನಸ್ಸಿರಲಿಲ್ಲ. "ಬೇರೆ ಬೇರೆ ಬೇಕಂದ್ರೆ ನಾಟಕದ ದಿನ ಚಕ್ರ ತಿರುಗುತ್ತೆ. ಅರ್ಧ ಚಾವಣಿ ಯಾರ ತಲೆ ಮೇಲೆ ಅಂತ ನೀವೇ ತೀರ್ಮಾನ ಮಾಡ್ಕೊಳ್ಳಿ," ಎಂದಳು.

ಇಬ್ಬರೂ ರಾಜರು ಒಂದು ಕ್ಷಣ ತಮ್ಮ ತಮ್ಮ ಚಾವಣಿ ನೆನೆಸಿಕೊಂಡರು. ಆ ಕ್ಷಣ ನೋಡಿ ಕದಿರಪ್ಪ ಮೇಷ್ಟ್ರು ನುಗ್ಗಿದರು.

"ಅಯ್ಯೋ, ಕಂಬ ಇಬ್ಬರದೂ ಅಲ್ಲ ಕಣ್ರಪ್ಪ! ತೀರಿಕೊಂಡರಲ್ಲ ನಿಮ್ಮಪ್ಪ, ದೊಡ್ಡ ಮಹಾರಾಜರು, ಅವರು ಕಟ್ಟಿಸಿದ್ದು. ಒಂದೇ ಅರಮನೆ, ಮಧ್ಯೆ ಗೋಡೆ ಎಬ್ಬಿಸ್ಕೊಂಡು ಈ ಕಡೆ ಒಬ್ರು ಆ ಕಡೆ ಒಬ್ರು ಆಳ್ತಿದೀರಿ. ನಾಲ್ಕು ಮಾತು ಸೇರಿಸ್ಬಿಡ್ತೀನಿ ನಾಟಕಕ್ಕೆ."

ಅಣ್ಣತಮ್ಮಂದಿರು ಮನೆ ಮಧ್ಯೆ ಗೋಡೆ ಎಬ್ಬಿಸುವುದು ಆ ಮಂಡಿಯಲ್ಲಿ ಯಾರಿಗೂ ವಿವರಿಸಬೇಕಾದ ವಿಷಯವಾಗಿರಲಿಲ್ಲ. ಹಾಗೆ ಅಂದಕೂಡಲೇ ಎಲ್ಲರಿಗೂ ಅರಮನೆ ಸ್ವಂತ ಮನೆಯಷ್ಟು ಪರಿಚಿತವಾಯಿತು. ಮುನಿರಾಮಪ್ಪ ಒಪ್ಪಿದರು, ಚಂದ್ರಮೋಹನ್ ಒಪ್ಪಿದರು.

"ಗಿಳಿ ಮಾತ್ರ ನನ್ನ ಭಾಗಕ್ಕೆ," ಎಂದರು ಮುನಿರಾಮಪ್ಪ. "ಮಾವು ಇರೋ ಕಡೆ ತಾನೆ ಗಿಳಿ ಇರೋದು?"

"ಅದ್ಹೆಂಗಾಗುತ್ತೆ? ಗಿಳೀನ ಕಂಡುಹಿಡಿದಿದ್ದು ನಮ್ಮ ಆಂಜಿ."

"ಗಿಳಿ ನಂದು," ಎಂದಳು ಮೆಹ್ರೀನ್. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊರಡುವಾಗ ಅವಳು ಮೇಷ್ಟ್ರ ಹತ್ತಿರ ಹೋಗಿ ಮೈಕಿನ ಮಾತು ನೆನಪಿಸಿದಳು. ಉತ್ತರ ಮುನಿರಾಮಪ್ಪನವರಿಂದ ಬಂತು. "ಒಂದು ಕಂಬ, ಒಂದು ಗಿಳಿ ಬರೆದಿದ್ದಕ್ಕೆ ಮೈಕಲ್ಲಿ ಹೆಸರಾ? ಮಿಕ್ಕಿದ್ದೆಲ್ಲಾ ಆ ಕಂಪ್ಯೂಟರ್ ತಾನೇ ಮಾಡಿದ್ದು? ಅರಮನೆ ನಮ್ಮಿಬ್ಬರ ಕೊಡುಗೆ ಅಂತ ಕೂಗಿ ಮೇಷ್ಟ್ರೇ. ಸುಮ್ನೆ ಹೆಸರು ಜಾಸ್ತಿಯಾದ್ರೆ ಜನಕ್ಕೆ ಬೇಜಾರು."

ಕದಿರಪ್ಪನವರು ಹಾರ್ಮೋನಿಯಂ ಕಡೆ ನೋಡಿದರು. ಅದು ಸುಮ್ಮನಿತ್ತು. ಅವರೂ ಸುಮ್ಮನಾದರು.

ಬಸ್ಸಿನಲ್ಲಿ ಮುಳಬಾಗಿಲಿನವರೆಗೂ ಮೆಹ್ರೀನ್ ಒಳಗೊಳಗೇ ಜಗಳವಾಡಿಕೊಂಡು ಬಂದಳು. ಬಿಟ್ಟುಬಿಡಬೇಕು ಈ ಕೆಲಸ ಎಂದುಕೊಂಡಳು. ಆದರೆ ಮನೆಯಲ್ಲಿ ಏಜಾಜ್ ಸಾಹೇಬರು ರಂಜಾನ್‌ಗೆ ಹೊಲಿಸಿದ್ದ ಬಿಳಿ ಜುಬ್ಬವನ್ನು ಇಸ್ತ್ರಿ ಮಾಡಿಸಿ ಗೋಡೆಗೆ ನೇತುಹಾಕಿದ್ದರು.

"ಮೈಕಲ್ಲಿ ಶುರೂನಲ್ಲೇ ಕೂಗ್ತಾರಾ, ಮಧ್ಯದಲ್ಲಾ?" ಎಂದು ಕೇಳಿದರು. "ಶುರೂನಲ್ಲಾದ್ರೆ ಬೇಗ ಹೊರಡೋಣ. ನನಗೆ ಕಿವಿ ಸ್ವಲ್ಪ ಮಂದ, ಮುಂದಿನ ಸಾಲಲ್ಲಿ ಕೂತ್ಕೋಬೇಕು."

ಅವಳು ಜುಬ್ಬದ ತೋಳಿನ ಮಡಿಕೆ ಸರಿಪಡಿಸಿದಳು. "ಬೇಗ ಹೋಗೋಣ ಅಬ್ಬಾ," ಎಂದಳು.

ನಾಟಕ ಭಾನುವಾರ ಬೆಳಗ್ಗೆ, ಕೋಲಾರದ ರಂಗಮಂದಿರದಲ್ಲಿ. ಶ್ರೀನಿವಾಸಪುರದಿಂದ ಮಾವಿನ ಗಾಡಿಗಳಲ್ಲಿ ಒಬ್ಬ ರಾಜನ ಪ್ರಜೆಗಳು ಬಂದರು, ನರಸಾಪುರದ ಕಡೆಯಿಂದ ಕಂಪನಿ ಬಸ್ಸುಗಳಲ್ಲಿ ಇನ್ನೊಬ್ಬನ ಪ್ರಜೆಗಳು ಬಂದರು. ಮೆಹ್ರೀನ್ ಸಭಾಂಗಣದ ಹಿಂದುಗಡೆ ಮೇಜು ಹಾಕಿಕೊಂಡು ಯಂತ್ರದ ಮುಂದೆ ಕುಳಿತಿದ್ದಳು. ಅಲ್ಲಿಂದ ಅಪ್ಪನ ಬೆನ್ನು, ಬಿಳಿ ಜುಬ್ಬ, ಕಿವಿಗೆ ಅಡ್ಡ ಹಿಡಿದ ಅಂಗೈ ಚೆನ್ನಾಗಿ ಕಾಣುತ್ತಿತ್ತು.

ಕದಿರಪ್ಪ ಮೇಷ್ಟ್ರು ಮೈಕ್ ಹಿಡಿದರು. ಹಾರದವರು ಬಂದರು, ಟೀಯವರು ಬಂದರು, ಪೇಟ ತೊಡಿಸಿದವರು, ಪೇಟ ತೊಡಿಸಿಕೊಂಡವರು, ರಂಗಮಂದಿರದ ಬೀಗ ತೆಗೆದವರು. "ಎಲ್‌ಇಡಿ ಪರದೆಯ ಭವ್ಯವಾದ ಅರಮನೆ, ಶ್ರೀಯುತ ಮುನಿರಾಮಪ್ಪನವರು ಮತ್ತು ಶ್ರೀಯುತ ಚಂದ್ರಮೋಹನ್ ಅವರ ಕೊಡುಗೆ." ಚಪ್ಪಾಳೆ. ಜನರೇಟರಿನವರು. ಜನರೇಟರಿಗೆ ಡೀಸೆಲ್ ತಂದವರು. ಅಲ್ಲಿಗೆ ಮುಗಿಯಿತು.

ಬಿಳಿ ಜುಬ್ಬ ಹಿಂದಕ್ಕೆ ತಿರುಗಿತು. ಅಷ್ಟು ಜನರ ತಲೆಗಳ ಮೇಲಿಂದ ಏಜಾಜ್ ಸಾಹೇಬರು ಮಗಳ ಕಡೆ ನೋಡಿ ಕೈ ತಿರುಗಿಸಿದರು: ನನಗೆ ಕೇಳಿಸಲಿಲ್ಲವೋ, ಅವರು ಕೂಗಲಿಲ್ಲವೋ?

ಮೆಹ್ರೀನ್ ತಲೆ ತಗ್ಗಿಸಿ ಪರದೆಯ ಮೊದಲ ದೃಶ್ಯ ಬಿಟ್ಟಳು.

ಅರಮನೆ ಆ ದಿನ ಬಹಳ ಸೊಗಸಾಗಿ ಓಡಿತು. ಅದೇ ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು. ದರ್ಬಾರು ಹೋಯಿತು, ಕೋಟೆಬಾಗಿಲು ಬಂತು. ಕೋಟೆಬಾಗಿಲು ಹೋಯಿತು, ತೋಟ ಬಂತು. ಒಂದು ಗಳಿಗೆಯೂ ತಡವರಿಸಲಿಲ್ಲ. ಯಂತ್ರ ನಿಂತಿದ್ದರೆ ಸಭೆಯೇ ಹಿಂದೆ ತಿರುಗಿ ಅವಳನ್ನು ನೋಡುತ್ತಿತ್ತು. ಓಡುತ್ತಿರುವುದರಿಂದ ಅವಳು ಇದ್ದಾಳೆ ಎಂಬುದೇ ಯಾರಿಗೂ ಗೊತ್ತಿಲ್ಲ. ಇನ್ನೂ ಒಂದು ವಿಷಯ ಅವಳಿಗೆ ಆಗ ಹೊಳೆಯಿತು. ರಾಜರಿಬ್ಬರೂ ಜನರ ಕಡೆಗೇ ಮುಖ ಮಾಡಿ ನಿಲ್ಲುತ್ತಾರೆ. ಯಾವ ಕಂಬಕ್ಕಾಗಿ ಮಂಡಿಯಲ್ಲಿ ಅಷ್ಟು ಕೂಗಾಡಿದರೋ ಆ ಕಂಬ ಇರುವುದು ಅವರ ಬೆನ್ನ ಹಿಂದೆ. ಸ್ವಂತ ಅರಮನೆ ನೋಡದ ರಾಜರು!

ಕೊನೆಯ ದೃಶ್ಯದಲ್ಲಿ ಮಾತ್ರ ಅವರು ನೋಡಿದರು. ನಾಟಕದ ಪ್ರಕಾರ ಅಣ್ಣತಮ್ಮಂದಿರು ಅಪ್ಪನ ದರ್ಬಾರಿನಲ್ಲಿ ಅಪ್ಪಿಕೊಳ್ಳಬೇಕು. ಮುನಿರಾಮಪ್ಪನವರ ಹಾಡಿಗೆ ಶ್ರೀನಿವಾಸಪುರದವರು ಒನ್ಸ್ ಮೋರ್ ಕೂಗಿದರು. ಅವರು ಮತ್ತೊಮ್ಮೆ ಹಾಡಿದರು. ಚಂದ್ರಮೋಹನ್ ಹಾಡಿಗೆ ಬಸ್ಸಿನವರು ಎರಡು ಸಲ ಒನ್ಸ್ ಮೋರ್ ಕೂಗಿದರು. ಇದನ್ನು ಮುನಿರಾಮಪ್ಪನವರಿಗೆ ತಡೆಯಲಾಗಲಿಲ್ಲ. ಅಪ್ಪಿಕೊಳ್ಳಲು ಬಂದ ತಮ್ಮನನ್ನು ತಡೆದು, ಹಿಂದಕ್ಕೆ ತಿರುಗಿ, ಖಡ್ಗ ಚಾಚಿ ಕಂಬ ತೋರಿಸಿದರು.

"ಸಹೋದರಾ! ರಾಜ್ಯ ಬೇಕಾದರೆ ನಿನಗಿರಲಿ. ಆದರೆ ಈ ಗಿಳಿ ನನ್ನದು!"

ಸೀಟಿಗಳು ಹಾರಿದವು. ಚಂದ್ರಮೋಹನ್ ನಾಟಕದ ಭಾಷೆ ಹುಡುಕಿದರು, ಸಿಗಲಿಲ್ಲ. "ಅದ್ಹೆಂಗಣ್ಣಾ ನಿಂದಾಗುತ್ತೆ? ನನ್ನ ಕಂಬದ ಮೇಲೆ ಕೂತದೆ!"

"ಶ್ರೀನಿವಾಸಪುರದ ಗಿಳಿ ಕಣಯ್ಯಾ ಅದು! ನಾನು ಬರೆಸಿದ್ದು!"

"ನಾನು ಬರೆಸಿದ್ದು!"

ಹಿಂದುಗಡೆ ಮೇಜಿನ ಹತ್ತಿರ ಮೆಹ್ರೀನ್‌ಗೆ ಕೊಕ್ಕಿನ ಕೆಂಪು ನೆನಪಾಯಿತು. ಯಂತ್ರದ ತೆರೆಯ ಮೇಲೆ ಗಿಳಿಯ ಹೆಸರಿನ ಪಕ್ಕದಲ್ಲಿ ಕಣ್ಣಿನ ಸಣ್ಣ ಗುರುತೊಂದಿತ್ತು. ಕಣ್ಣು ತೆರೆದಿದ್ದರೆ ಗಿಳಿ ಕಾಣುತ್ತದೆ, ಮುಚ್ಚಿದರೆ ಮಾಯ. ಅವಳು ಅದನ್ನು ಒತ್ತಿದಳು.

ಹನ್ನೆರಡು ಕಂಬಗಳಿಂದ ಹನ್ನೆರಡು ಗಿಳಿಗಳೂ ಒಟ್ಟಿಗೇ ಹೋದವು. ಇದ್ದದ್ದು ಒಂದೇ ತಾನೆ.

ಸೀಟಿಗಳು ನಿಂತವು. ಇಬ್ಬರು ರಾಜರು ಬೋಳು ಕಂಬಗಳ ಕಡೆಗೆ ಖಡ್ಗ ಚಾಚಿಕೊಂಡು ಹಾಗೇ ನಿಂತಿದ್ದರು. ಆಂಜಿ ಮೊಬೈಲ್ ಕೆಳಗಿಳಿಸಿ ಬರಿಗಣ್ಣಿನಿಂದ ನೋಡಿದ. ಯಾರೋ ಅಜ್ಜಿ, "ಅಯ್ಯೋ, ಇವ್ರ ಜಗಳಕ್ಕೆ ಗಿಳಿ ಹಾರೋಯ್ತು ನೋಡೇ!" ಎಂದಳು. ಅಷ್ಟೇ ಸಾಕಾಯಿತು. ರಂಗಮಂದಿರ ಬಿರಿಯುವಂತೆ ಚಪ್ಪಾಳೆ ಬಿತ್ತು. ಮೇಷ್ಟ್ರು ಇದನ್ನೂ ಬರೆದಿದ್ದಾರೆ ಎಂದೇ ಜನ ತಿಳಿದರು.

"ಗಿಳಿ! ಗಿಳಿ!" ಎಂದು ಎರಡು ರಾಜ್ಯದ ಪ್ರಜೆಗಳೂ ಕೂಗತೊಡಗಿದರು.

ಮುನಿರಾಮಪ್ಪ ಹಲ್ಲು ಕಚ್ಚಿಕೊಂಡೇ ಸಭಾಂಗಣದ ಹಿಂದಕ್ಕೆ ಕೈಸನ್ನೆ ಮಾಡಿದರು. ಮೆಹ್ರೀನ್ ಎರಡೂ ಕೈ ಕಟ್ಟಿಕೊಂಡು ಕುಳಿತಳು. ಕದಿರಪ್ಪ ಮೇಷ್ಟ್ರು ಒಂದೇ ಸ್ವರ ಒತ್ತಿ ಹಿಡಿದು ಸ್ವಲ್ಪ ಹೊತ್ತು ಕಾದರು. ಆಮೇಲೆ ಮೈಕ್ ಹತ್ತಿರ ಎಳೆದುಕೊಂಡರು.

"ಅಮ್ಮಾ, ಸ್ವಲ್ಪ ಗಿಳಿ ಬಿಡಮ್ಮಾ."

ರಂಗಮಂದಿರದಲ್ಲಿ ಅಮ್ಮಂದಿರು ಬಹಳ ಇದ್ದರು. ಮೆಹ್ರೀನ್ ಅಲುಗಲಿಲ್ಲ.

"ಎಲ್‌ಇಡಿಯವರು... ಎಲ್‌ಇಡಿಯವರು ದಯವಿಟ್ಟು..."

ಪರದೆ ಬಾಡಿಗೆಗೆ ಕೊಟ್ಟವನು ಹೊರಗೆ ಟೀ ಕುಡಿಯುತ್ತಿದ್ದ. ಅವಳು ಯಂತ್ರದ ಮೇಲೆ ಇಲ್ಲದ ಧೂಳು ಒರೆಸಿದಳು. ಕೂಗು ಹೆಚ್ಚಾಯಿತು. ಕದಿರಪ್ಪ ಒಮ್ಮೆ ಮುನಿರಾಮಪ್ಪನವರನ್ನು, ಒಮ್ಮೆ ಚಂದ್ರಮೋಹನ್‌ರನ್ನು ನೋಡಿದರು. ಖಡ್ಗ ಹಿಡಿದ ಅವರ ಕೈಗಳು ಸೋಲುತ್ತಿದ್ದವು. ಇಳಿಸಿದರೆ ದೃಶ್ಯ ಸತ್ತಂತೆ. "ಕೂಗ್ರೀ ಮೇಷ್ಟ್ರೇ, ಅದೇನು ಹೆಸರೋ," ಎಂದು ಮುನಿರಾಮಪ್ಪ ಮೀಸೆಯೊಳಗೇ ಗದರಿದರು.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಮುಳಬಾಗಿಲಿನ ಪರದೆ ಏಜಾಜ್ ಸಾಹೇಬರ ಮಗಳು, ಈ ಅರಮನೆ ಬರೆದವರು, ಮೆಹ್ರೀನ್ ಅವರು, ದಯವಿಟ್ಟು ತಮ್ಮ ಗಿಳಿಯನ್ನು ಕಳಿಸಿಕೊಡಬೇಕು."

ಸಾವಿರ ತಲೆಗಳು ಹಿಂದೆ ತಿರುಗಿದವು. ಒಂದು ತಲೆ ಮಾತ್ರ ತಿರುಗಲಿಲ್ಲ. ಮುಂದಿನ ಸಾಲಿನ ಬಿಳಿ ಜುಬ್ಬದವರು ಪಕ್ಕದವನ ತೋಳು ಹಿಡಿದು ಏನಂದರು, ಏನಂದರು ಎಂದು ಕೇಳುತ್ತಿದ್ದರು. ಪಕ್ಕದವನು ಕಿವಿಯಲ್ಲಿ ಕೂಗಿ ಹೇಳಿದ. ಏಜಾಜ್ ಸಾಹೇಬರು ಕುರ್ಚಿಯ ಕೈ ಹಿಡಿದು ನಿಧಾನವಾಗಿ ಎದ್ದು ನಿಂತರು.

"ಒನ್ಸ್ ಮೋರ್!" ಎಂದರು.

ಕೋಲಾರದ ಜನಕ್ಕೆ ಆ ಮಾತು ಯಾರು ಯಾಕೆ ಅಂದರೆಂಬುದು ಬೇಕಿಲ್ಲ. ಒಬ್ಬರು ಅಂದರೆ ಸಾಕು. ಮಾವಿನ ಗಾಡಿಯವರೂ ಕೂಗಿದರು, ಬಸ್ಸಿನವರೂ ಕೂಗಿದರು. ಕದಿರಪ್ಪ ಮೇಷ್ಟ್ರು ಎರಡನೆಯ ಸಲ ಕೂಗಲೇಬೇಕಾಯಿತು. ಈ ಸಲ ಹಾರ್ಮೋನಿಯಂ ಶ್ರುತಿ ಹಿಡಿದು, ರಾಗವಾಗಿ, ಊರಿನ ಹೆಸರಿನಿಂದ ಶುರುಮಾಡಿ, ಅಪ್ಪನ ಹೆಸರಲ್ಲಿ ಸ್ವಲ್ಪ ನಿಂತು, ಮಗಳ ಹೆಸರಿಗೆ ಬಂದರು.

ಪೂರ್ತಿ ಮುಗಿಯುವವರೆಗೂ ಮೆಹ್ರೀನ್ ಬೆರಳನ್ನು ಆ ಕಣ್ಣಿನ ಗುರುತಿನ ಮೇಲೆ ಇಟ್ಟುಕೊಂಡೇ ಇದ್ದಳು. ಆಮೇಲೆ ಒತ್ತಿದಳು.